ಬಡಿಗೇರ ಮಾನಪ್ಪನ ಸಹಿ ಕೀಲಿ

ನಾನು ಒಂದು ಸಹಿ ಕೀಲಿ. ಉದ್ದ ಎರಡು ಇಂಚು, ಬಣ್ಣ ನೀಲಿ, ತೂಕ ಹೇಳಿಕೊಳ್ಳುವಂಥದ್ದಲ್ಲ. ಕಂಪ್ಯೂಟರ್ ಅಂಗಡಿಯವರು ನನ್ನನ್ನು ಡಿಎಸ್‌ಸಿ ಎನ್ನುತ್ತಾರೆ, ಅಂದರೆ ಡಿಜಿಟಲ್ ಸಹಿಯ ಪ್ರಮಾಣಪತ್ರ. ತಿಳಿಯದವರು ಪೆನ್ ಡ್ರೈವ್ ಎಂದು ಕರೆದು ನನಗೆ ಬೇಸರ ತರಿಸುತ್ತಾರೆ. ಪೆನ್ ಡ್ರೈವಿನೊಳಗೆ ಯಾರ ಹಾಡು, ಯಾರ ಮದುವೆಯ ಫೋಟೋ ಬೇಕಾದರೂ ತುಂಬಬಹುದು. ನನ್ನೊಳಗೆ ಇರುವುದು ಒಬ್ಬನೇ ಮನುಷ್ಯನ ಸಹಿ. ಅವನು ಒಪ್ಪಿ ಗುಪ್ತಪದ ಒತ್ತಿದರೆ ಮಾತ್ರ ಅದು ಎದ್ದು ಹೊರಗೆ ಬರುತ್ತದೆ.

ಸ್ವಭಾವದಿಂದ ನಾನು ನಿದ್ದೆಬುರುಕ. ಕಂಪ್ಯೂಟರಿನ ಬದಿಯ ಗೂಡಿಗೆ ಸಿಕ್ಕಿಸಿದಾಗ ಮಾತ್ರ ನನಗೆ ಪೂರಾ ಎಚ್ಚರ. ಆಗ ಪರದೆಯ ಮೇಲಿನದೂ ಕಾಣುತ್ತದೆ, ಪರದೆಯ ಮುಂದೆ ಬಗ್ಗಿದ ಮುಖವೂ ಕಾಣುತ್ತದೆ. ಉಳಿದ ಕಾಲವೆಲ್ಲ ಅರೆನಿದ್ದೆ. ಮಾತು ಕಿವಿಗೆ ಬೀಳುತ್ತದೆ, ಆದರೆ ಎಲ್ಲೋ ದೂರದಿಂದ, ಕನಸಿನೊಳಗಿಂದ. ಆದ್ದರಿಂದ ನನ್ನ ಈ ಕಥೆಯಲ್ಲಿ ಅಲ್ಲಲ್ಲಿ ಮಂಜು ಕವಿದಿದ್ದರೆ ತಪ್ಪು ತಿಳಿಯಬೇಡಿ.

ನಾನು ಹುಟ್ಟಿದ ಕಾರ್ಖಾನೆ ಯಾವುದೆಂದು ನನಗೆ ಗೊತ್ತಿಲ್ಲ. ನೆನಪಿರುವುದು ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ನನ್ನ ಹಾಗಿನ ಇನ್ನೂರು ಮಂದಿ ಒತ್ತಾಗಿ ಮಲಗಿದ್ದೆವು. ಯಾರೊಳಗೂ ಏನೂ ಇರಲಿಲ್ಲ. ಒಳಗೆ ಏನೂ ಇಲ್ಲದವರಿಗೂ ಕನಸು ಬೀಳುತ್ತದೆ, ಅದರಲ್ಲಿ ಬರೀ ಬಿಳಿ ಬೆಳಕು ಇರುತ್ತದೆ. ಲಾರಿಯಲ್ಲಿ, ರೈಲಿನಲ್ಲಿ, ಇನ್ನೊಂದು ಲಾರಿಯಲ್ಲಿ ಆ ಬಿಳಿ ಕನಸನ್ನೇ ಕಾಣುತ್ತ ನಾನು ಗದಗಿಗೆ ಬಂದೆ.

ನನ್ನ ನಿಜವಾದ ಹುಟ್ಟು ಆದದ್ದು ಅಲ್ಲಿ, ಬಸ್ ನಿಲ್ದಾಣದ ಹತ್ತಿರ ಮಾಳಿಗೆಯ ಮೇಲಿದ್ದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಜೂನ್ ತಿಂಗಳ ಒಂದು ಬೆಳಿಗ್ಗೆ ಬಿಳಿ ಧೋತರ ಉಟ್ಟ, ಕಿವಿಯ ಕೂದಲಲ್ಲೂ ಕಟ್ಟಿಗೆಯ ಪುಡಿ ಕೂತಿದ್ದ ಅರವತ್ತೊಂದು ವರ್ಷದ ಮನುಷ್ಯನೊಬ್ಬ ಅಲ್ಲಿಗೆ ಬಂದ. ಜೊತೆಯಲ್ಲಿ ಅವನ ಸೊಸೆ ನಿರ್ಮಲಾ, ಕೈಯಲ್ಲಿ ಕಾಗದದ ಚೀಲ ಹಿಡಿದುಕೊಂಡು. ಸಹಿ ಯಾರದೋ ಅವರು ಮೊಬೈಲ್ ಮುಂದೆ ಮುಖ ತೋರಿಸಿ, ಹೆಸರು ಹೇಳಿ, ಕಣ್ಣು ಮಿಟುಕಿಸಬೇಕು. ಜೀವಂತ ಇದ್ದಾರೆ, ತಾವೇ ಬಂದಿದ್ದಾರೆ ಎಂಬುದಕ್ಕೆ ಅದೇ ಗುರುತು. ಆತ ಮೊಬೈಲಿಗೆ ಎರಡೂ ಕೈ ಜೋಡಿಸಿ, ತಾನು ಗಜೇಂದ್ರಗಡದ ಮಾನಪ್ಪ ಈರಪ್ಪ ಬಡಿಗೇರ ಎಂದು ಹೇಳಿದ. ಹೇಳಿ, ಫೋಟೋಕ್ಕೆ ನಿಂತವರ ಹಾಗೆ ಕಣ್ಣು ಬಿಟ್ಟುಕೊಂಡು ಕೂತುಬಿಟ್ಟ. ಕಣ್ಣು ಮಿಟುಕಿಸಿ ಎಂದು ಅಂಗಡಿಯವನು ಮೂರು ಸಲ ಬೇಡಿಕೊಳ್ಳಬೇಕಾಯಿತು.

ಆಮೇಲೆ ಅವನ ಸಹಿ ನನ್ನೊಳಗೆ ಇಳಿಯಿತು. ಕಾಗದದ ಮೇಲೆ ಮಾನಪ್ಪನ ಸಹಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಅವನು ಅಕ್ಷರವನ್ನು ಬರೆಯುತ್ತಿರಲಿಲ್ಲ, ಕೆತ್ತುತ್ತಿದ್ದ. ನನ್ನೊಳಗೆ ಅದು ಉದ್ದನೆಯ ಒಂದು ಸಂಖ್ಯೆಯಾಯಿತು. ಅಂದಿನಿಂದ ನನ್ನ ಕನಸಿಗೆ ಬಣ್ಣ ಬಂತು, ವಾಸನೆಯೂ ಬಂತು. ಅದು ಸಾಗುವಾನಿಯ ವಾಸನೆ ಎಂದು ಆಮೇಲೆ ತಿಳಿಯಿತು.

ಗುಪ್ತಪದ ಏನಿರಲಿ ಎಂದು ಅಂಗಡಿಯವನು ಕೇಳಿದಾಗ ಮಾನಪ್ಪ ಅವನನ್ನೂ ಸೊಸೆಯನ್ನೂ ಗೋಡೆಯ ಕಡೆಗೆ ಮುಖ ತಿರುಗಿಸಿ ನಿಲ್ಲಿಸಿದ. ಒಂದೇ ಬೆರಳಿನಿಂದ, ಮೊಳೆ ಹೊಡೆದ ಹಾಗೆ, ಒಂದೊಂದೇ ಅಕ್ಷರ ಕುಟ್ಟಿದ. ಅದು ಏನೆಂದು ನನಗೆ ಗೊತ್ತು. ಹೇಳುವುದಿಲ್ಲ. ಹೇಳದೆ ಇರುವುದೇ ನನ್ನ ಕೆಲಸ.

ಮಾನಪ್ಪನ ಮರಗೆಲಸದ ಶೆಡ್ಡು ಗಜೇಂದ್ರಗಡದ ಗುಡ್ಡದ ಬುಡದಲ್ಲಿತ್ತು. ಹೆಸರು ಶ್ರೀ ಕಾಳಿಕಾ ಮರಗೆಲಸ. ಬಾಗಿಲಲ್ಲಿ ನಿಂತರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನ ತಿರುಗುವುದು ಕಾಣುತ್ತಿತ್ತಂತೆ. ನನಗೆ ಅವುಗಳ ಉಸಿರು ಮಾತ್ರ ಕೇಳಿಸುತ್ತಿತ್ತು. ಒಳಗೆ ಕೆಲಸ ಮಾಡುವವರು ಐದು ಜನ. ಮಾನಪ್ಪ, ಅವನ ಮಗ ವೀರೇಶ, ಪಾಲಿಶ್ ಹೊಡೆಯುವ ಹುಸೇನಸಾಬ, ಗರಗಸದ ಯಂತ್ರದ ಮುಂದೆ ನಿಲ್ಲುವ ಇಬ್ಬರು. ಮೂಲೆಯ ಮೇಜಿನಲ್ಲಿ ಕಂಪ್ಯೂಟರು, ಅದರ ಮುಂದೆ ವೀರೇಶನ ಹೆಂಡತಿ ನಿರ್ಮಲಾ.

ಊರಿನ ಹೊಸ ಮನೆಗಳವರು ಸೋಫಾ ಕೇಳಿಕೊಂಡು ಬರುತ್ತಿದ್ದರು, ಶೋಕೇಸು ಕೇಳುತ್ತಿದ್ದರು. ಮಾನಪ್ಪ ಅದನ್ನೆಲ್ಲ ಒಲ್ಲದ ಮನಸ್ಸಿನಿಂದ ಮಾಡಿಕೊಡುತ್ತಿದ್ದ. ಅವನ ಜೀವ ಇದ್ದದ್ದು ಸರ್ಕಾರಿ ಶಾಲೆಯ ಡೆಸ್ಕಿನಲ್ಲಿ. ಡೆಸ್ಕು ಸಿದ್ಧವಾದ ಮೇಲೆ ಅದರ ನಾಲ್ಕೂ ಅಂಚನ್ನು ತಾನೇ ಕೂತು ಉಜ್ಜಿ ದುಂಡು ಮಾಡುತ್ತಿದ್ದ. ಚಡ್ಡಿ ಹಾಕಿದ ಮಕ್ಕಳ ತೊಡೆಗೆ ಸಿಬಿರು ಚುಚ್ಚಬಾರದು ಎಂಬುದು ಅವನ ಹಟ. ಟೆಂಡರಿನ ಯಾವ ಷರತ್ತಿನಲ್ಲೂ ಹಾಗೆ ಬರೆದಿರಲಿಲ್ಲ.

ಆದರೆ ಸರ್ಕಾರ ಬೀದಿಯಲ್ಲಿ ಹೋಗುವ ಯಾರ ಕೈಯಿಂದಲೂ ಡೆಸ್ಕು ಕೊಳ್ಳುವುದಿಲ್ಲ. ಇಲಾಖೆಯ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಹೆಸರು ನೋಂದಾಯಿಸಬೇಕು, ದರ್ಜೆ ಪಡೆಯಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ತೆರಿಗೆಯ ಕಾಗದ, ಬ್ಯಾಂಕಿನ ಕಾಗದ, ಉದ್ದಿಮೆಯ ಕಾಗದ ಎಲ್ಲದರಲ್ಲೂ ಅದೇ ಹೆಸರು, ಅದೇ ವಿಳಾಸ ಇರಬೇಕು. ಒಂದರ ಅವಧಿ ಮುಗಿದರೂ ಉಳಿದವು ಇದ್ದೂ ಇಲ್ಲದ ಲೆಕ್ಕ. ಪಟ್ಟಿಯಲ್ಲಿ ಹೆಸರಿದ್ದರೆ ಆ ಐದು ಜನರ ಕೈಗೆ ಕೆಲಸ. ಹೆಸರು ಅಳಿದರೆ ಸೋಫಾ, ಅದೂ ಮದುವೆಯ ಕಾಲದಲ್ಲಿ ಮಾತ್ರ.

ಈ ಕಾಗದಗಳನ್ನು ಕಾಯುವುದಕ್ಕೆ ನಿರ್ಮಲಾ ತನ್ನದೇ ಒಂದು ದಾರಿ ಕಂಡುಕೊಂಡಿದ್ದಳು. ಮೇಜಿನ ಹಿಂದಿನ ಗೋಡೆಗೆ ಅಡ್ಡಲಾಗಿ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಎಲ್ಲ ಕಾಗದಗಳ ನಕಲು ಸಿಕ್ಕಿಸಿದ್ದಳು. ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು ಬಾಗಿಲಿನ ಹತ್ತಿರ, ಕಡೆಗೆ ಮುಗಿಯುವುದು ಒಳಗೆ. ಒಂದು ನವೀಕರಣವಾದರೆ ಅದು ಬಾಗಿಲಿನಿಂದ ಒಳಗಿನ ತುದಿಗೆ ಹೋಗುತ್ತಿತ್ತು. ಮೊದಲ ಸಲ ನೋಡಿದಾಗ ಮಾನಪ್ಪ, ಸರ್ಕಾರದ ಅರಿವೆ ಒಗೆದು ಹಾಕಿದ್ದೀಯಲ್ಲ ತಾಯಿ ಎಂದು ನಕ್ಕಿದ್ದ. ಆಮೇಲೆ ದಿನಾ ಮುಂಜಾನೆ ಬಂದ ಕೂಡಲೇ ಹಗ್ಗದ ಕಡೆ ಒಂದು ಸಲ ನೋಡುವುದು ಅವನಿಗೂ ರೂಢಿಯಾಯಿತು.

ಟೆಂಡರಿನ ಅರ್ಜಿಗೆ ಸಹಿ ಹಾಕಿ ಕಂಪ್ಯೂಟರಿನಲ್ಲೇ ಕಳಿಸಲು ವರ್ಷಕ್ಕೆ ಐದಾರು ಸಲ ನನ್ನನ್ನು ಎಬ್ಬಿಸುತ್ತಿದ್ದರು. ಎದ್ದಾಗಲೆಲ್ಲ ಅದೇ ಆಟ. ಎಲ್ಲರೂ ಗೋಡೆಗೆ ಮುಖ ಮಾಡಬೇಕು, ಹುಸೇನಸಾಬನೂ ಸಹ, ಅವನಿಗೆ ಓದಲು ಬಾರದಿದ್ದರೂ. ಮಾನಪ್ಪ ಕುಟ್ಟುತ್ತಿದ್ದ, ನನ್ನೊಳಗಿನ ಸಹಿ ಎದ್ದು ಹೋಗುತ್ತಿತ್ತು. ಹೋದದ್ದು ಎಲ್ಲಿಗೆ ಎಂದು ನಾನು ನಿದ್ದೆಯಲ್ಲಿ ಹಿಂಬಾಲಿಸುತ್ತಿದ್ದೆ. ಕನಸಿನಲ್ಲಿ ಡೆಸ್ಕುಗಳು ನಸುಕಿನಲ್ಲಿ ಶೆಡ್ಡಿನಿಂದ ಹೊರಬಿದ್ದು, ನಾಲ್ಕು ಕಾಲಿನ ಮೇಲೆ ಸಾಲಾಗಿ, ಸದ್ದಿಲ್ಲದೆ ಹಳ್ಳಿಯ ದಾರಿ ಹಿಡಿಯುತ್ತಿದ್ದವು. ಹೊಲದ ಬದುವಿನಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಿದ್ದವು. ಶಾಲೆಯ ಬಾಗಿಲು ತಾನಾಗಿ ತೆರೆಯುತ್ತಿತ್ತು. ಮೊದಲ ಎರಡು ವರ್ಷದಲ್ಲಿ ಹೀಗೆ ಹನ್ನೊಂದು ಶಾಲೆಗೆ ಡೆಸ್ಕು ಹೋದವು. ನನ್ನ ಬದುಕಿನಲ್ಲಿ ಅದು ಸುಖದ ಕಾಲ.

ಈಗ ನನ್ನ ತಪ್ಪೂ ಇರುವ ಒಂದು ಸಂಗತಿ ಹೇಳಬೇಕು. ನನ್ನನ್ನು ಮಲಗಿಸುತ್ತಿದ್ದದ್ದು ಉಳಿ, ಬಾಚಿ, ಗರಗಸಗಳ ಹಲಗೆಯ ಮೇಲೆ, ಒಂದು ತಗಡಿನ ಡಬ್ಬಿಯಲ್ಲಿ. ಮೊದಲ ವರ್ಷದ ಆಯುಧ ಪೂಜೆಯಲ್ಲಿ ನಿರ್ಮಲಾ ಎಲ್ಲ ಆಯುಧಗಳಿಗೂ ಹೂವು ಏರಿಸುತ್ತ ಬಂದು, ನನ್ನ ಡಬ್ಬಿ ತೆರೆದು ನನ್ನ ತಲೆಯ ಮೇಲೂ ಒಂದು ಸೇವಂತಿಗೆ ಇಟ್ಟಳು. ಮಾನಪ್ಪ ಅದನ್ನು ನೋಡಿ ಒಪ್ಪಿ ತಲೆಯಾಡಿಸಿದನಂತೆ. ನನಗಂತೂ ಹಿಗ್ಗು. ನೂರು ವರ್ಷದ ಬಾಚಿಯ ಪಕ್ಕದಲ್ಲಿ ಕೂತು, ಅದರ ಸರಿಸಮ ಪೂಜೆ ಮಾಡಿಸಿಕೊಂಡ ಪ್ಲಾಸ್ಟಿಕ್ಕು ಈ ಜಗತ್ತಿನಲ್ಲಿ ಎಷ್ಟಿದೆ?

ಆಯುಧವಾದ ಮೇಲೆ ಆಯುಧದ ಕಟ್ಟಳೆಯೂ ಬಂತು. ಬಡಿಗೇರರು ಅಮಾವಾಸ್ಯೆಯ ದಿನ ಆಯುಧ ಮುಟ್ಟುವುದಿಲ್ಲ. ಅಂದು ಅವನ್ನು ತೊಳೆದು, ಕುಂಕುಮ ಇಟ್ಟು, ಮಲಗಲು ಬಿಡುತ್ತಾರೆ. ಎಂಥ ಅವಸರದ ಕೆಲಸವಿದ್ದರೂ ಸರಿ, ಮೊಳೆ ಸಹ ಹೊಡೆಯುವುದಿಲ್ಲ. ಮಾನಪ್ಪನ ಅಪ್ಪ ಈರಪ್ಪ ಸ್ವಂತ ಮನೆಯ ಬಾಗಿಲು ಕಳಚಿ ಬಿದ್ದರೂ ಅಮಾವಾಸ್ಯೆ ದಾಟುವವರೆಗೆ ಚಾಪೆ ಅಡ್ಡಗಟ್ಟಿ ಕೂತವನಂತೆ. ನಾನು ನಿದ್ದೆಬುರುಕನಾದ್ದರಿಂದ ತಿಂಗಳಿಗೊಂದು ಅಧಿಕೃತ ರಜೆ ಸಿಕ್ಕಿದ್ದಕ್ಕೆ ಸಂತೋಷವನ್ನೇ ಪಟ್ಟೆ.

ಮೂರನೆಯ ವರ್ಷ ಇಲಾಖೆಯ ನೋಂದಣಿ ನವೀಕರಣಕ್ಕೆ ಬಂತು. ನಿರ್ಮಲಾ ಎರಡು ತಿಂಗಳ ಮೊದಲೇ ಎಲ್ಲ ಜೋಡಿಸಿದ್ದಳು. ಒಂದೇ ಕಾಗದ ಬಾಕಿ. ಕಡೆಯದಾಗಿ ಡೆಸ್ಕು ಕೊಟ್ಟ ಶಾಲೆಯಿಂದ, ಕೆಲಸ ಸರಿಯಾಗಿ ಮುಟ್ಟಿದೆ ಎಂಬ ಪತ್ರ ಬರಬೇಕಿತ್ತು. ಮುಖ್ಯೋಪಾಧ್ಯಾಯರು ಬದಲಾಗಿ ಹೊಸಬರು ಬರುವ ತನಕ ಅದು ನಿಂತುಹೋಯಿತು. ಬಂದದ್ದು ಅವಧಿ ಮುಗಿಯುವ ಹಿಂದಿನ ದಿನ ಸಂಜೆ, ಬಸ್ ಕಂಡಕ್ಟರನ ಕೈಯಲ್ಲಿ. ಆಗ ಊರಲ್ಲಿ ಕರೆಂಟ್ ಇರಲಿಲ್ಲ. ನಾಳೆ ಇಡೀ ದಿನ ಇದೆಯಲ್ಲ ಎಂದು ನಿರ್ಮಲಾ ನಿಶ್ಚಿಂತೆಯಿಂದ ಮನೆಗೆ ಹೋದಳು. ಆ ನಾಳೆ ಮಹಾಲಯ ಅಮಾವಾಸ್ಯೆ.

ಬೆಳಿಗ್ಗೆ ಅವಳು ಬಂದಾಗ ನಾನು ತೊಳೆದ ಉಳಿಗಳ ನಡುವೆ ಕುಂಕುಮದ ಚುಕ್ಕೆ ಇಟ್ಟುಕೊಂಡು ಮಲಗಿದ್ದೆ. ಮಾತು ನನ್ನ ತಲೆಯ ಮೇಲೆಯೇ ನಡೆಯಿತು.

"ಮಾಂವಾರ, ಕೀಲಿ ಬೇಕಾಗಿತ್ರಿ. ಇವತ್ತ ಆಖೇರಿ ದಿನ."

"ಇವತ್ತ ಅಮಾಸಿ ಅಲ್ಲೇನವ್ವಾ."

"ಅದು ಉಳಿ ಬಾಚಿಗೆ ಅಂತ ತಿಳದಿದ್ದೆ. ಇದು ಬರೇ ಸಹಿ ಮಾಡೂದರಿ."

"ಹೂವ ಏರಿಸಿದಾಕಿ ನೀನ. ಹೂವ ಏರಿಸಿದ ಮ್ಯಾಲ ಅದೂ ಆಯುಧನ ಆತು. ನಾಳಿ ಮುಂಜಾನೆ ಎದ್ದ ಕೂಡ್ಲೆ ಕೊಡ್ತೀನಿ. ಒಂದ ದಿನಾ ತಡಾ ಆದ್ರ ಏನಾಗತೈತಿ, ಸರಕಾರದಾಗೂ ಮನಷ್ಯಾರ ಇರ್ತಾರ."

ವೀರೇಶ ಅಪ್ಪನ ಮುಂದೆ ಇನ್ನೆರಡು ಸಲ ಕೇಳಿ ಬೈಸಿಕೊಂಡ. ನಾನು ಏಳುವೆ ಎಂದು ಕೂಗಬೇಕಿತ್ತು. ಕೂಗಲು ನನಗೆ ಬಾಯಿ ಇಲ್ಲ. ನಿಜ ಹೇಳಬೇಕೆಂದರೆ ಆ ಕುಂಕುಮದ ತಂಪಿನಲ್ಲಿ ನನಗೆ ಸೊಗಸಾದ ನಿದ್ದೆ ಹತ್ತಿತ್ತು.

ಮರುದಿನ ಸೂರ್ಯ ಮೂಡುವ ಮೊದಲೇ ಮಾನಪ್ಪ ತಾನೇ ನನ್ನನ್ನು ಒರೆಸಿ ತಂದು ಕೊಟ್ಟ. ನಾನು ಎಚ್ಚೆತ್ತು ಪರದೆಯನ್ನು ನೋಡಿದೆ. ನವೀಕರಣದ ಗುಂಡಿ ಹಿಂದಿನ ವಾರ ಹಸಿರಾಗಿತ್ತು. ಈಗ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಿರ್ಮಲಾ ಒತ್ತಿದಳು, ಮತ್ತೆ ಒತ್ತಿದಳು. ಅದು ಅಲ್ಲಾಡಲಿಲ್ಲ. ಕಚೇರಿಗೆ ಫೋನ್ ಮಾಡಿದರೆ ಒಬ್ಬ ಹಿರಿಯ ಗುಮಾಸ್ತರು ಬಹಳ ಮೆತ್ತಗೆ ಮಾತಾಡಿದರು. ಅವಧಿ ಮುಗಿದದ್ದನ್ನು ನವೀಕರಿಸಲು ಬರುವುದಿಲ್ಲ, ಹೊಸದಾಗಿ ಅರ್ಜಿ ಹಾಕಿ, ಕೆಳಗಿನ ದರ್ಜೆಯಿಂದ ಶುರುಮಾಡಿ ಎಂದರು. ಸರ್ಕಾರದಲ್ಲಿ ಮನುಷ್ಯರು ಇದ್ದರು, ಪಾಪ. ಆದರೆ ಆ ಗುಂಡಿ ಅವರ ಕೈಯಲ್ಲಿ ಇರಲಿಲ್ಲ.

ನಿರ್ಮಲಾ ಯಾರನ್ನೂ ಬೈಯಲಿಲ್ಲ. ಎದ್ದು ಹಗ್ಗದಿಂದ ಆ ಒಂದು ಕಾಗದ ಕಳಚಿದಳು. ಕ್ಲಿಪ್ಪು ಖಾಲಿ ಉಳಿಯಿತು. ಮುಂದೆ ಎಷ್ಟೋ ದಿನ ಮಾನಪ್ಪ ಶೆಡ್ಡಿಗೆ ಬಂದಾಗ ಹಗ್ಗದ ಕಡೆ ನೋಡದೆ ನೇರ ತನ್ನ ಹಲಗೆಗೆ ಹೋಗುತ್ತಿದ್ದ ಎಂದು ಹುಸೇನಸಾಬ ವೀರೇಶನಿಗೆ ಹೇಳಿದ್ದನ್ನು ನಾನು ನಿದ್ದೆಯಲ್ಲಿ ಕೇಳಿದ್ದೇನೆ. ಅವನಿಗೆ ನಾಚಿಕೆಯಾಗಿತ್ತು. ಕಟ್ಟಳೆ ಮುರಿಯಲಿಲ್ಲ ಎಂಬ ಸಮಾಧಾನವೂ ಇರಲಿಲ್ಲ.

ಆ ವರ್ಷ ತಾಲೂಕಿನ ಶಾಲೆಗಳ ದೊಡ್ಡ ಟೆಂಡರು ಬೇರೆ ಊರಿನವರ ಪಾಲಾಯಿತು. ಅವರ ಡೆಸ್ಕು ಹೊತ್ತ ಲಾರಿ ಒಂದು ಮಧ್ಯಾಹ್ನ ನಮ್ಮ ಶೆಡ್ಡಿನ ಎದುರಿನ ಚಹಾದ ಅಂಗಡಿಯ ಹತ್ತಿರ ನಿಂತಿತು. ಮಾನಪ್ಪ ದಾಟಿ ಹೋಗಿ, ಹಗ್ಗ ಬಿಗಿದ ಡೆಸ್ಕುಗಳಲ್ಲಿ ಒಂದರ ಅಂಚಿನ ಮೇಲೆ ಅಂಗೈ ಆಡಿಸಿದನಂತೆ. ಬಂದು ಕೂತು, ಬೆಳಕಿಗೆ ಕೈ ಹಿಡಿದು, ಸೂಜಿಯಿಂದ ಬಹಳ ಹೊತ್ತು ಸಿಬಿರು ತೆಗೆಯುತ್ತಿದ್ದನಂತೆ. ಆ ದಿನ ಊಟಕ್ಕೆ ಹೋಗಲಿಲ್ಲ.

ಆಮೇಲಿನ ಎರಡು ವರ್ಷ ಸಣ್ಣ ಸಣ್ಣ ಕೆಲಸಗಳು. ಅಂಗನವಾಡಿಯ ಮಣೆ, ಪಶು ಆಸ್ಪತ್ರೆಯ ಬಾಗಿಲು, ಗ್ರಂಥಾಲಯದ ಒಂದು ಕಪಾಟು. ಕೆಳಗಿನ ದರ್ಜೆಯವರಿಗೆ ಅಷ್ಟೇ ಸಿಗುವುದು. ಪ್ರತಿ ಕೆಲಸಕ್ಕೂ ಪತ್ರ ತರಲು ಈಗ ಮಾನಪ್ಪನೇ ಹೋಗುತ್ತಿದ್ದ. ಕಚೇರಿಯ ಬಾಗಿಲಲ್ಲಿ ಬೆಳಿಗ್ಗೆಯಿಂದ ಕೂತು, ಕೈಗೆ ಪತ್ರ ಸಿಕ್ಕ ಮೇಲೆಯೇ ಏಳುತ್ತಿದ್ದ. ನಿರ್ಮಲಾ ಹೊಸ ವರ್ಷದ ಕ್ಯಾಲೆಂಡರ್ ಬಂದ ಕೂಡಲೇ ಮೊದಲು ಹನ್ನೆರಡು ಅಮಾವಾಸ್ಯೆಗಳಿಗೆ ಕೆಂಪು ಸುತ್ತು ಹಾಕಿ, ಬೇರೆ ದಿನಾಂಕಗಳನ್ನು ಅವುಗಳಿಂದ ದೂರ ಸರಿಸುತ್ತಿದ್ದಳು. ಮಾವನ ಕಟ್ಟಳೆಯನ್ನು ಅವಳು ಪ್ರಶ್ನಿಸಲಿಲ್ಲ. ಅದರ ಸುತ್ತ ದಾರಿ ಮಾಡಿಕೊಂಡಳು. ಹೀಗೆ ಐದನೆಯ ವರ್ಷದ ಹೊತ್ತಿಗೆ ಹಳೆಯ ದರ್ಜೆ ಮರಳಿ ಬಂತು, ಖಾಲಿ ಕ್ಲಿಪ್ಪಿಗೆ ಮತ್ತೆ ಕಾಗದ ಸಿಕ್ಕಿತು.

ಆ ಹೊತ್ತಿಗೆ ಮಾನಪ್ಪನ ಕೆಮ್ಮು ಹೆಚ್ಚಾಗಿತ್ತು. ಐವತ್ತು ವರ್ಷ ಕಟ್ಟಿಗೆಯ ಪುಡಿ ಕುಡಿದ ಎದೆ ಅದು. ಎರಡು ವರ್ಷಕ್ಕೊಮ್ಮೆ ನನ್ನೊಳಗಿನ ಸಹಿಯನ್ನೂ ನವೀಕರಿಸಬೇಕು, ಮತ್ತೆ ಮೊಬೈಲ್ ಮುಂದೆ ಕೂತು ಕಣ್ಣು ಮಿಟುಕಿಸಬೇಕು. ಕಳೆದ ಸಲ ಕೂತಾಗಲೇ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ಎರಡು ಸಲ ಉಸಿರು ಕಟ್ಟಿತ್ತು.

ಹಗ್ಗದ ಮೇಲಿನ ಎಲ್ಲ ಕಾಗದಗಳೂ ಒಬ್ಬನೇ ಮನುಷ್ಯನ ಹೆಸರಿನಲ್ಲಿದ್ದವು. ಕಚೇರಿಯ ಗುಮಾಸ್ತರು ಒಮ್ಮೆ ನಿರ್ಮಲಾಳಿಗೆ ಬಿಡಿಸಿ ಹೇಳಿದರು. ಒಬ್ಬರ ಹೆಸರಿನ ಸಂಸ್ಥೆ ಆ ಒಬ್ಬರ ಜೊತೆಗೇ ಮುಗಿಯುತ್ತದೆ, ದರ್ಜೆಯೂ ಅನುಭವವೂ ಸೊನ್ನೆಯಾಗುತ್ತದೆ. ಅವರು ಇರುವಾಗಲೇ ಇನ್ನೊಬ್ಬರನ್ನು ಪಾಲುದಾರರಾಗಿ ಸೇರಿಸಿ, ಆ ಮೊದಲಿನವರ ಸಹಿಯಿಂದಲೇ ಅರ್ಜಿ ಕಳಿಸಿದರೆ ಹೆಸರು ಉಳಿಯುತ್ತದೆ. ನಿರ್ಮಲಾ ಮನೆಗೆ ಬಂದು ವೀರೇಶನ ಹೆಸರು ಹೇಳಿದಳು. ಮಾನಪ್ಪ ಒಪ್ಪಲಿಲ್ಲ. ಅವನು ಕಟ್ಟಿಗೆ ನೋಡಿಕೊಳ್ಳಲಿ, ಕಾಗದ ನೋಡಿಕೊಂಡವಳು ನೀನು, ನಿನ್ನ ಹೆಸರೇ ಇರಲಿ ಎಂದ. ವೀರೇಶನಿಗೆ ಕಾಗದ ಎಂದರೆ ಮೊದಲಿನಿಂದಲೂ ಜ್ವರ ಬರುತ್ತಿತ್ತು, ಅವನು ನಕ್ಕು ಹಗುರಾದ.

ರೋಣದ ವಕೀಲರು ಪಾಲುದಾರಿಕೆಯ ಪತ್ರ ಬರೆದರು. ಮಾನಪ್ಪ ಕೂತು ತನ್ನ ಸಹಿಯನ್ನು ಕೆತ್ತಿದ. ಪತ್ರ ನೋಂದಣಿಯಾಗಿ ಬರುವಷ್ಟರಲ್ಲಿ ಅವನ ಎದೆಯಲ್ಲಿ ನೀರು ತುಂಬಿತು. ನಾಳೆ ಮುಂಜಾನೆಯೇ ಹುಬ್ಬಳ್ಳಿಗೆ ಕರೆದೊಯ್ಯಿರಿ ಎಂದು ಡಾಕ್ಟರು ಹೇಳಿದ ದಿನ, ಮಧ್ಯಾಹ್ನದ ಟಪಾಲಿನಲ್ಲಿ ಆ ಪತ್ರ ಬಂತು. ಆ ದಿನ ಅಮಾವಾಸ್ಯೆ.

ನಿರ್ಮಲಾ ಪತ್ರವನ್ನು ಒಳಗಿಟ್ಟಳು. ಮಾವ ಟಪಾಲಿನವನನ್ನು ಕಂಡದ್ದು ಅವಳಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನೋಡೋಣ ಎಂದು ವೀರೇಶನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಉಳಿಗಳ ನಡುವೆ, ಕುಂಕುಮದ ಚುಕ್ಕೆಯ ಕೆಳಗೆ, ನಾನು ಎಂದಿನ ಹಾಗೆ ನಿದ್ದೆಗೆ ಜಾರುತ್ತಿದ್ದೆ. ಆಗ ಗೋಡೆ ಹಿಡಿದುಕೊಂಡು ಬರುವ ಹೆಜ್ಜೆಯ ಸದ್ದು ಬಂತು. ಡಬ್ಬಿಯ ಮುಚ್ಚಳ ತೆರೆಯಿತು. ಸಿಬಿರು ಚುಚ್ಚಿ ಚುಚ್ಚಿ ದಪ್ಪಗಟ್ಟಿದ ಆ ಬೆರಳುಗಳನ್ನು ನಾನು ಯಾವ ನಿದ್ದೆಯಲ್ಲೂ ಗುರುತಿಸುತ್ತೇನೆ.

"ಇವತ್ತ ಅಮಾಸಿ ಐತ್ರಿ ಮಾಂವಾರ," ಎಂದಳು ನಿರ್ಮಲಾ.

ಮಾನಪ್ಪ ಕುರ್ಚಿಯಲ್ಲಿ ಕೂತು ಉಸಿರು ಹಿಡಿದುಕೊಂಡ. "ಅಮಾಸಿ ತಿಂಗಳಿಗೊಮ್ಮೆ ಬರತೈತಿ. ನಾ ಬರೂದಿಲ್ಲ. ಹಚ್ಚು ಕಂಪ್ಯೂಟರ್."

ನನ್ನ ಬದುಕಿನಲ್ಲಿ ಅಮಾವಾಸ್ಯೆಯ ದಿನ ಎದ್ದದ್ದು ಅದೊಂದೇ ಸಲ. ಎದ್ದು ನೋಡಿದರೆ ಪರದೆಯ ಬೆಳಕಿನಲ್ಲಿ ಅವನ ಮುಖ ಬಹಳ ಸಣ್ಣದಾಗಿತ್ತು. ಗುಪ್ತಪದ ಕೇಳಿತು. ರೂಢಿಯಂತೆ ವೀರೇಶ, ಹುಸೇನಸಾಬ, ಉಳಿದಿಬ್ಬರು ಎಲ್ಲರೂ ಗೋಡೆಯ ಕಡೆಗೆ ತಿರುಗಿದರು. ನಿರ್ಮಲಾ ಕೂಡ ತಿರುಗಿದಳು.

"ನೀ ತಿರಗಬ್ಯಾಡ. ನೋಡು," ಎಂದ ಮಾನಪ್ಪ.

ಅವನು ಒಂದೊಂದೇ ಅಕ್ಷರ ಕುಟ್ಟಿದ. ನಡುವೆ ಒಮ್ಮೆ ಕೆಮ್ಮಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಕುಟ್ಟಿದ. ಅವಳು ನೋಡಿದಳು. ನನ್ನೊಳಗಿನ ಸಹಿ ಎದ್ದು ಹೋಯಿತು. ಬೇರೆ ಯಾವಾಗಲೂ ಅದು ಅಷ್ಟು ಭಾರವಾಗಿ ಹೋದ ನೆನಪು ನನಗಿಲ್ಲ. ಅರ್ಜಿ ಮುಟ್ಟಿದೆ ಎಂದು ಪರದೆಯಲ್ಲಿ ಬಂದ ಮೇಲೆ ಮಾನಪ್ಪ ಹಲಗೆಯ ಕಡೆ ತಿರುಗಿ, ಮಲಗಿದ್ದ ಆಯುಧಗಳಿಗೆ ಕೈ ಮುಗಿದು ತಪ್ಪಾಯಿತು ಎಂದ.

ಹುಬ್ಬಳ್ಳಿಯಲ್ಲಿ ಒಂಬತ್ತನೆಯ ದಿನ ಅವನು ತೀರಿಕೊಂಡ. ನನಗೆ ಅದನ್ನು ಯಾರೂ ಬಂದು ಹೇಳಲಿಲ್ಲ. ಗರಗಸದ ಸದ್ದು ನಿಂತದ್ದರಿಂದ, ಹುಸೇನಸಾಬ ಒಬ್ಬನೇ ಬಂದು ಹಲಗೆಯ ಮುಂದೆ ಬಿಕ್ಕಿದ್ದರಿಂದ ತಿಳಿಯಿತು. ನನಗೆ ವಿಚಿತ್ರವೆನಿಸಿದ್ದು ಒಂದೇ. ನನ್ನೊಳಗಿನ ಸಹಿಗೆ ಏನೂ ಆಗಿರಲಿಲ್ಲ. ಇನ್ನೂ ಎಂಟು ತಿಂಗಳ ಆಯುಷ್ಯವಿತ್ತು ಅದಕ್ಕೆ. ಗುಪ್ತಪದ ಒತ್ತಿದರೆ ಮೊದಲಿನ ಹಾಗೆಯೇ ಎದ್ದು ಹೋಗುತ್ತಿತ್ತು.

ಇದು ನನಗೊಬ್ಬನಿಗೇ ಅಲ್ಲ, ವೀರೇಶನಿಗೂ ಗೊತ್ತಿತ್ತು. ತಿಂಗಳೊಪ್ಪತ್ತು ಕಳೆದ ಮೇಲೆ ತಾಲೂಕಿನ ಶಾಲೆಗಳಿಗೆ ಮುನ್ನೂರ ಅರವತ್ತು ಡೆಸ್ಕಿನ ಟೆಂಡರು ಬಂತು. ಪಾಲುದಾರಿಕೆಯ ಅರ್ಜಿಗೆ ಕಚೇರಿಯಿಂದ ಇನ್ನೂ ಒಪ್ಪಿಗೆ ಬಂದಿರಲಿಲ್ಲ. ಅದು ಬರುವ ತನಕ ನಿರ್ಮಲಾಳ ಸಹಿ ನಡೆಯುವುದಿಲ್ಲ. ಟೆಂಡರಿಗೆ ಉಳಿದದ್ದು ಎರಡು ದಿನ. ಗರಗಸದ ಯಂತ್ರದ ಇಬ್ಬರೂ ಬೇರೆ ಕೆಲಸ ಹುಡುಕುವ ಮಾತಾಡುತ್ತಿದ್ದರು.

ವೀರೇಶ ನನ್ನನ್ನು ತಂದು ಗೂಡಿಗೆ ಸಿಕ್ಕಿಸಿದ. ಎಷ್ಟೋ ಕಡೆ ಹೀಗೆ ನಡೆಯುತ್ತದೆ, ಕಂಪ್ಯೂಟರಿಗೆ ಯಾರು ಇದ್ದಾರೆ ಯಾರು ಇಲ್ಲ ಎಂದು ಗೊತ್ತಾಗುವುದಿಲ್ಲ, ಇದೊಂದು ಸಲ ಎಂದು ಹೆಂಡತಿಯ ಮುಂದೆ ಗೋಗರೆದ. ಅವನದು ದುರಾಸೆಯಲ್ಲ. ಅಪ್ಪ ಕಟ್ಟಿದ್ದು ತನ್ನ ಕೈಯಲ್ಲಿ ಮುರಿಯುತ್ತದೆ ಎಂಬ ಭಯ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ನಿರ್ಮಲಾ ಕುರ್ಚಿಯಲ್ಲಿ ಕೂತಳು. ಗುಪ್ತಪದದ ಖಾಲಿ ಚೌಕ ಮಿನುಗುತ್ತಿತ್ತು. ಅವಳ ಬೆರಳು ಮೊದಲ ಅಕ್ಷರದ ಮೇಲೆ ಹೋಗಿ ನಿಂತಿತು. ಒತ್ತಿದರೆ ನಾನು ಸಹಿ ಕೊಡಲೇಬೇಕು. ಸರಿ ತಪ್ಪು ಕೇಳುವ ಅಧಿಕಾರ ನನಗಿಲ್ಲ. ಆ ಕ್ಷಣದಲ್ಲಿ ನನಗೆ ಜೀವನದಲ್ಲಿ ಮೊದಲ ಸಲ ಎಚ್ಚರವೆಂದರೆ ಹೆದರಿಕೆಯಾಯಿತು.

"ಹಿಂಗ ಮಾಡೂ ಪಾಳಿ ನಮಗ ಬರಬಾರ್ದಂತನ ಅಲ್ಲೇನು ಮಾಂವಾರು ಅವತ್ತ ಅಮಾಸಿ ಮುರದು ಎದ್ದು ಕುಂತಿದ್ದು?" ಎಂದಳು ಅವಳು. ಗಂಡನ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಈಗ ಇದನ್ನ ಒತ್ತಿದ್ರ ಅವರು ಮುರದದ್ದು ದಂಡ ಆಗತೈತಿ."

ವೀರೇಶ ಮುಖ ಮುಚ್ಚಿಕೊಂಡು ಕೂತ. ಅಪ್ಪ ಹೋದ ಮೇಲೆ ಅವನು ಅತ್ತದ್ದು ಆಗಲೇ. ನಿರ್ಮಲಾ ನನ್ನನ್ನು ಗೂಡಿನಿಂದ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮರುದಿನ ಅವಳು ಗದಗಿನ ಅದೇ ಮಾಳಿಗೆಯ ಅಂಗಡಿಗೆ ಹೋಗಿ, ಮಾವನ ಮರಣ ಪತ್ರ ಕೊಟ್ಟು, ನನ್ನೊಳಗಿನ ಸಹಿಯನ್ನು ರದ್ದು ಮಾಡಿಸಿದಳು. ನೋವಾಗಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿದ ಹಾಗಾಯಿತು ಅಷ್ಟೇ; ಸಹಿ ಇನ್ನು ನಡೆಯುವುದಿಲ್ಲ, ಹೆಸರು ಮಾತ್ರ ಒಳಗೆ ಉಳಿಯಿತು. ಅಂಗಡಿಯವನು ಒಳ್ಳೆಯವನು. ಹೊಸ ಕೀಲಿಯ ಖರ್ಚು ಯಾಕೆ, ಹಳೆಯದನ್ನು ಅಳಿಸಿ ಇದರಲ್ಲೇ ನಿಮ್ಮದು ಹಾಕಿಕೊಡಲೇ ಎಂದು ಕೇಳಿದ.

"ಬ್ಯಾಡ್ರಿ," ಎಂದಳು ನಿರ್ಮಲಾ. "ಇದು ತುಂಬೈತಿ."

ಆ ಟೆಂಡರು ತಪ್ಪಿತು. ಗರಗಸದವರಲ್ಲಿ ಒಬ್ಬ ಕೊಪ್ಪಳಕ್ಕೆ ಹೋದ. ಉಳಿದವರು ಸೋಫಾ ಮಾಡಿದರು, ಮಂಚ ಮಾಡಿದರು, ಕೆಲವು ವಾರ ಏನೂ ಮಾಡಲಿಲ್ಲ. ಹುಸೇನಸಾಬ ಕೆಲಸವಿಲ್ಲದ ದಿನವೂ ಬಂದು ಶೆಡ್ಡು ಗುಡಿಸಿ ಹೋಗುತ್ತಿದ್ದ. ನಾನು ಮೇಜಿನ ಖಾನೆಯಲ್ಲಿ, ಒಂದು ಹಳೆಯ ಕನ್ನಡಕದ ಪೆಟ್ಟಿಗೆಯೊಳಗೆ ಮಲಗಿದ್ದೆ. ಈಗಲೂ ಅಲ್ಲೇ ಇರುವುದು. ಇಲ್ಲಿ ನನಗೆ ಬೇಕಾದಷ್ಟು ಸಮಯವಿದೆ. ಸಹಿ ಎಂದರೆ ಏನೆಂದು ಯೋಚಿಸುತ್ತೇನೆ. ಅದು ಹೆಸರಲ್ಲ, ಸಂಖ್ಯೆಯೂ ಅಲ್ಲ. ನಾನು ಇಲ್ಲಿದ್ದೇನೆ, ಇದಕ್ಕೆ ನಾನು ಹೊಣೆ ಎಂದು ಒಬ್ಬ ಮನುಷ್ಯ ಹೇಳುವ ಮಾತು. ಹೇಳುವವನು ಹೋದ ಮೇಲೆ ಆ ಮಾತನ್ನು ಬೇರೆಯವರು ಅವನ ಬಾಯಲ್ಲಿ ಹೇಳಿಸಬಾರದು. ಇಷ್ಟು ತಿಳಿಯಲು ನನಗೆ ಒಂದು ಆಯುಷ್ಯ ಹಿಡಿಯಿತು, ನಿರ್ಮಲಾಳಿಗೆ ಒಂದು ಗಳಿಗೆ ಸಾಕಾಯಿತು.

ನಾಲ್ಕು ತಿಂಗಳ ಮೇಲೆ ಕಚೇರಿಯಿಂದ ಒಪ್ಪಿಗೆ ಬಂತು. ದರ್ಜೆ ಉಳಿದಿತ್ತು. ಅರ್ಜಿಯನ್ನು ಮಾನಪ್ಪ ಬದುಕಿದ್ದಾಗಲೇ, ತನ್ನ ಸಹಿಯಿಂದಲೇ ಕಳಿಸಿದ್ದರಿಂದ ಉಳಿಯಿತು. ಮತ್ತೆ ಒಂದು ತಿಂಗಳಿಗೆ, ಗುಡ್ಡದ ಆಚೆಯ ಎಂಟು ಶಾಲೆಗಳಿಗೆ ಡೆಸ್ಕು ಬೇಕೆಂದು ಟೆಂಡರು ಬಂತು.

ಅರ್ಜಿ ಕಳಿಸುವ ದಿನ ನಿರ್ಮಲಾ ತನ್ನ ಹೊಸ ಕೀಲಿಯನ್ನು ಕಂಪ್ಯೂಟರಿನ ಒಂದು ಗೂಡಿಗೆ ಸಿಕ್ಕಿಸಿದಳು. ಆಮೇಲೆ ಖಾನೆ ಎಳೆದು, ಪೆಟ್ಟಿಗೆ ತೆರೆದು, ನನ್ನನ್ನು ತೆಗೆದು ಪಕ್ಕದ ಗೂಡಿಗೆ ಸಿಕ್ಕಿಸಿದಳು. ಇದ್ಯಾಕೆ, ಇದು ಈಗ ನಡೆಯುವುದಿಲ್ಲವಲ್ಲ ಎಂದು ವೀರೇಶ ಕೇಳಿದ.

"ಒಂದ ಸಲ ನೋಡ್ಲಿ," ಎಂದಳು.

ನಾನು ಎಚ್ಚೆತ್ತೆ. ಶೆಡ್ಡಿನ ತುಂಬ ಕೊಯ್ದ ಕಟ್ಟಿಗೆಯ ವಾಸನೆ ಇತ್ತು. ನನ್ನ ಪಕ್ಕದಲ್ಲಿ ಹೊಸ ಕೀಲಿ ನೀಲಿ ದೀಪ ಮಿನುಗಿಸುತ್ತಿತ್ತು. ಪರದೆ, ಯಾರ ಸಹಿ ಎಂದು ಕೇಳಿತು. ಕೇಳಿ, ತನಗೆ ಕಂಡ ಎರಡು ಹೆಸರುಗಳನ್ನು ಒಂದರ ಕೆಳಗೊಂದು ಮೂಡಿಸಿತು. ಮಾನಪ್ಪ ಈರಪ್ಪ ಬಡಿಗೇರ. ನಿರ್ಮಲಾ ವೀರೇಶ ಬಡಿಗೇರ. ವೀರೇಶ ಅಪ್ಪನ ಹೆಸರನ್ನು ಮೆಲ್ಲಗೆ ಓದಿದ. ನಿರ್ಮಲಾ ಅದನ್ನು ಬಹಳ ಹೊತ್ತು ನೋಡುತ್ತಿದ್ದಳು. ಆಮೇಲೆ ನೆಟ್ಟಗೆ ಕೂತು, ಕೆಳಗಿನ ಹೆಸರಿನ ಮೇಲೆ ಒತ್ತಿದಳು. ಅರ್ಜಿ ಹೋಯಿತು. ನನಗೆ ನಿದ್ದೆ ಬಂತು.